ದುಬೈಯಲ್ಲಿ ಸೌದೆ ಒಲೆ ಕೂರಿಸಿದವನ ಪಾಡು

ಕೆಲವರ ಕೆಲಸವೇ ಅಂಥದ್ದು, ಪೇಚಿಗೆ ಸಿಕ್ಕಿಕೊಳ್ಳದ ವಾರವೇ ಇರುವುದಿಲ್ಲ. ನಾನು ದುಬೈಯಲ್ಲಿ ಸೌದೆ ಒಲೆ ಕೂರಿಸುವ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಹೌದು, ದುಬೈಯಲ್ಲೇ. ಗಾಜಿನ ಬಾಗಿಲು, ಚಿಮಣಿ ಎಲ್ಲ ಇರುವ, ಇಡೀ ಮನೆಯನ್ನು ಬೆಚ್ಚಗೆ ಮಾಡುವ ಕಬ್ಬಿಣದ ಒಲೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದೆ ನಗಬೇಕೋ ಬೇಡವೋ ಎಂದು ನಿಮಗೇ ಅನುಮಾನ ಬರಬಹುದು.

ಹೆಣ್ಣು ನೋಡಲು ಹೋದದ್ದು

ರಜೆಯಲ್ಲಿ ಕುಂದಾಪುರದ ಕಡೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿಯ ಅಪ್ಪ ಕಾಫಿ ಕೊಟ್ಟು, ಮೆಲ್ಲನೆ ಕೆಲಸದ ವಿಚಾರ ತೆಗೆದರು.

"ದುಬೈಯಲ್ಲಿ ಯಾವ ಲೈನಿನಲ್ಲಿ ಇದ್ದೀರಿ?"

"ಸೌದೆ ಒಲೆ."

ಅವರು ಲೋಟ ಕೆಳಗಿಟ್ಟರು. ಮರಳುಗಾಡಿನ ಅಂಚಿನ ಮನೆಗಳಲ್ಲಿ ಜನವರಿಯ ಬೆಳಗ್ಗೆ ಟೈಲ್ಸ್ ಮೇಲೆ ಕಾಲಿಡಲಿಕ್ಕಾಗುವುದಿಲ್ಲ, ಅಲ್ಲಿಯ ಎ.ಸಿ.ಗೆ ತಂಪು ಮಾಡುವುದೊಂದೇ ಗೊತ್ತು ಎಂದೆಲ್ಲ ವಿವರಿಸಿದೆ. ಅವರಿಗೆ ನನ್ನ ಬುದ್ಧಿಯ ಮೇಲೆ ಕನಿಕರ ಹುಟ್ಟಿತು.

"ಒಲೆ ಊದ್ಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ್ರೆ? ನಮ್ಮ ಅಡುಗೆಮನೆಯಲ್ಲೇ ಜಾಗ ಉಂಟಲ್ಲ."

ಎ.ಸಿ. ಹಾಕಿ ಬೆಂಕಿ ಕಾಯಿಸಿಕೊಂಡದ್ದು

ಹಿಮ ಬೀಳುವ ದೇಶದ ಸಾಹೇಬರೊಬ್ಬರು ತಮ್ಮ ವಿಲ್ಲಾಕ್ಕೆ ಒಲೆ ಕೇಳಿದರು. ಹಾಲ್‌ನಲ್ಲಿ ಒಂದೇ ಒಲೆ, ಅದರಿಂದ ಮೇಲಿನ ಮಹಡಿಯವರೆಗೂ ಮನೆ ಬೆಚ್ಚಗಾಗಬೇಕು. ನಾನು, ನಮ್ಮ ಮೇಸ್ತ್ರಿ ಸೇರಿ ಕೂರಿಸಿದೆವು. ಮೇಸ್ತ್ರಿ ಗದಗದ ಕಡೆಯವನು, ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿ ಹೆಂಡತಿಯೊಂದಿಗೆ ಒಂದು ಕೋಣೆಯ ಫ್ಲಾಟಿನಲ್ಲಿದ್ದ.

ಮಾರನೆಯ ಸಂಜೆಯೇ ಫೋನು. ಮೇಲೆ ಚಳಿಯಂತೆ. ಹೋಗಿ ನೋಡಿದರೆ ಒಲೆ ಧಗಧಗ ಉರಿಯುತ್ತಿದೆ, ಸಾಹೇಬರು ಅದರ ಮುಂದೆ ಬರಿಮೈಯಲ್ಲಿ ಕುಳಿತಿದ್ದಾರೆ. ಸೆಕೆಯಾಯಿತೆಂದು ಎ.ಸಿ. ಹಾಕಿಕೊಂಡಿದ್ದಾರೆ. ಇಡೀ ಮನೆಗೆ ಅದೊಂದೇ ಎ.ಸಿ., ಮೇಲಿನ ಕೋಣೆಗಳಿಗೂ ಅದರದೇ ಗಾಳಿ. ಮೇಲೆ ಮೇಡಂ ಕೋಟು ಹಾಕಿಕೊಂಡು ನಡುಗುತ್ತಿದ್ದಾರೆ.

ಅದಕ್ಕಿಂತ ದೊಡ್ಡ ದೂರು ಅಲಾರಾಂನದು. ಒಲೆಯ ಜೊತೆ ಅಂಗೈಯಗಲದ ಒಂದು ಡಬ್ಬಿ ಕೊಡುತ್ತೇವೆ. ಮುಚ್ಚಿದ ಮನೆಯಲ್ಲಿ ಬೆಂಕಿಯ ವಿಷಗಾಳಿ ತುಂಬಿದರೆ ಅದು ಕಿರುಚಬೇಕು. ಆ ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮನುಷ್ಯನಿಗೆ ತಲೆ ಭಾರವಾಗುತ್ತದೆ, ನಿದ್ದೆ ಬರುತ್ತದೆ, ಅಷ್ಟೆ. ಇಲ್ಲಿ ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನ್ ಚಿಮಣಿಯ ಹೊಗೆಯನ್ನೇ ಹಿಂದಕ್ಕೆ ಎಳೆಯುತ್ತಿತ್ತು. ಡಬ್ಬಿ ಸರಿಯಾಗಿಯೇ ಕಿರುಚಿತ್ತು. ಫ್ಯಾನ್ ಆರಿಸಿ, ಕಿಟಕಿ ಸ್ವಲ್ಪ ತೆರೆದಿಡಿ ಎಂದೆ. ಸಾಹೇಬರು ಒಪ್ಪಲಿಲ್ಲ.

"ನಿಮ್ಮ ಯಂತ್ರ ಕೆಟ್ಟಿದೆ. ದಿನವಿಡೀ ಸುಮ್ಮನಿರುತ್ತದೆ, ಬೆಂಕಿ ಹಾಕಿದಾಗ ಮಾತ್ರ ಕೂಗುತ್ತದೆ!"

ಗಿರಾಕಿಯ ಮಾತಿಗೆ ಎದುರಾಡಬೇಡ ಎಂದು ಮ್ಯಾನೇಜರ್ ಹೊಸ ಡಬ್ಬಿ ಕಳಿಸಿದರು. ನಾನು ಫ್ಯಾನಿನ ವೈರು ಕಿತ್ತು ಬಂದೆ. ಹಳೆಯ ಡಬ್ಬಿಯನ್ನು ಮೇಸ್ತ್ರಿ ಚೀಲಕ್ಕೆ ಹಾಕಿಕೊಂಡ. "ಕೂಸಿಗೆ ಆಟಿಕಿ ಆತು ಬಿಡ್ರಿ ಸರ್ರ" ಎಂದ. ಆಗ ಅವನ ಹೆಂಡತಿಗೆ ದಿನ ತುಂಬಿತ್ತು.

ಹೊಸ ಕಂಬಳಿ

ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದೇ ಚಳಿಗಾಲದಲ್ಲಿ ಅಬುಧಾಬಿಯ ಮುಸಫ್ಫಾದಲ್ಲಿ ನಮ್ಮೂರಿನವನೊಬ್ಬ ಕೋಳಿ ಸುಟ್ಟ ಕೆಂಡದ ತಟ್ಟೆಯನ್ನು ರೂಮಿನೊಳಗೆ ಎಳೆದುಕೊಂಡು ಬಾಗಿಲು ಹಾಕಿ ಮಲಗಿದ. ಬೆಳಗ್ಗೆ ಏಳಲಿಲ್ಲ. ಅವನ ಸಾಮಾನು ಕಟ್ಟಲು ನಾನೇ ಹೋಗಿದ್ದೆ. ಮಂಚದ ಕೆಳಗೆ ಮೂರು ಹೊಸ ಕಂಬಳಿ ಇದ್ದವು, ಹುಲಿಯ ಚಿತ್ರದ ದಪ್ಪನೆಯವು. ಚೀಲದ ಜಿಪ್ಪು ಕೂಡ ಬಿಚ್ಚಿರಲಿಲ್ಲ. ಊರಿಗೆ ಒಯ್ಯಲು ತೆಗೆದಿಟ್ಟದ್ದಂತೆ.

"ಒಂದನ್ನಾದರೂ ಹೊದ್ದುಕೊಳ್ಳಬಾರದಿತ್ತಾ?" ಎಂದು ಅವನ ಜೊತೆಯವನನ್ನು ಕೇಳಿದೆ.

"ಹೊದ್ದರೆ ಹಳತಾಗ್ತದಲ್ಲ" ಎಂದ ಅವನು, ಹರಿದ ಬೆಡ್‌ಶೀಟನ್ನು ಹೊದ್ದುಕೊಂಡು. ಅವನ ಮಂಚದ ಕೆಳಗೂ ಎರಡು ಇದ್ದವು.

ಅಕ್ಕಿ ಡಬ್ಬಿ

ಮೇಸ್ತ್ರಿಗೆ ಹೆಣ್ಣು ಮಗುವಾಯಿತು. ಬಾಣಂತನಕ್ಕೆ ಅವನ ಅತ್ತೆ ಊರಿಂದ ಬಂದರು. ನಾನೊಂದು ಶುಕ್ರವಾರ ಮಧ್ಯಾಹ್ನ ಸೋಪು, ಪೌಡರು, ಟೋಪಿ ಹಿಡಿದುಕೊಂಡು ಹೋದೆ. ಅತ್ತೆಯೇ ಬಾಗಿಲು ತೆಗೆದರು, ಹಣೆ ಒತ್ತಿಕೊಳ್ಳುತ್ತ.

"ಬಾ ತಮ್ಮಾ. ಎಲ್ಲಾರೂ ಮಲಗ್ಯಾರ. ನನಗೂ ಯಾಕೋ ತಲಿ ಸಿಡ್ಯಾಕತ್ತೇತಿ."

ಒಳಗೆ ಕುಲುಮೆಯ ಹಾಗೆ ಸೆಕೆ. ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಾಳೆ, ಮಗ್ಗುಲಲ್ಲಿ ಕೂಸು. ಮಂಚದ ಕೆಳಗೆ ಕಬ್ಬಿಣದ ಬಾಣಲೆಯ ತುಂಬ ಕೆಂಡ. ಗಾಳಿ ಬರಬಾರದೆಂದು ಕಿಟಕಿಯ ಸಂದಿಗೆಲ್ಲ ನಮ್ಮ ಕಂಪನಿಯದೇ ಬೆಳ್ಳಿ ಬಣ್ಣದ ಟೇಪು. ಅಂಟಿಸಿದವನು ನಮ್ಮ ಮೇಸ್ತ್ರಿಯೇ. ಅಷ್ಟು ಅಚ್ಚುಕಟ್ಟಾಗಿ ಅವನು ಯಾವ ಸಾಹೇಬರ ಮನೆಯಲ್ಲೂ ಅಂಟಿಸಿರಲಿಲ್ಲ. ಈಗ ಗೋಡೆಗೊರಗಿ ಬಾಯಿ ತೆರೆದು ಮಲಗಿದ್ದ. ಕರೆದರೆ ಏಳಲಿಲ್ಲ.

ಅಡುಗೆ ಕಟ್ಟೆಯ ಕಡೆಯಿಂದ ಸಣ್ಣಗೆ, ಬಾಯಿ ಮುಚ್ಚಿದ ಹಾಗೆ, ಕೀಂ ಕೀಂ ಎಂದು ಕೇಳಿಸಿತು.

"ಅಮ್ಮಾ, ಅದೇನು ಶಬ್ದ?"

"ಮುಂಜಾನಿಂದ ಒಂದ ಸಮ ಒದರಾಕತ್ತಿತ್ತು. ಕೂಸು ಎದ್ದೀತಂತ ಅಕ್ಕಿ ಡಬ್ಬ್ಯಾಗ ಇಟ್ಟೀನಿ."

ಅದು ಸಾಹೇಬರ ಮನೆಯ ಹಳೆಯ ಅಲಾರಾಂ. ಮುಸಫ್ಫಾದ ಕಂಬಳಿಗಳು ಕಣ್ಣ ಮುಂದೆ ಬಂದವು. ಕೂಸನ್ನು ಎತ್ತಿಕೊಂಡು ಕಾರಿಡಾರಿಗೆ ಓಡಿದೆ. ಹತ್ತಿಯಂತೆ ಹಗುರ, ಅಳಲೂ ಇಲ್ಲ. ಅತ್ತೆಯ ಕೈಗೆ ಕೊಟ್ಟು ಮತ್ತೆ ಒಳಗೆ ಹೋಗಿ ಟೇಪು ಕಿತ್ತು ಕಿಟಕಿ ತೆರೆದೆ. ವಾಚ್‌ಮ್ಯಾನ್ ಓಡಿ ಬಂದ, ಇಬ್ಬರೂ ಸೇರಿ ಬಾಣಂತಿಯನ್ನು ಹೊತ್ತು ತಂದೆವು. ಮೇಸ್ತ್ರಿಯನ್ನು ಕಾಲರ್ ಹಿಡಿದು ಎಳೆದು ಹಾಕಿದೆ. ಅವನು ಅಲ್ಲೇ ವಾಂತಿ ಮಾಡಿದ. ಆಮೇಲೆ ಕೂಸು ಚೀರಿತು. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕ್ಸಿಜನ್ ಹಾಕಿದರು. ನಾಲ್ವರೂ ಉಳಿದರು. ನಾನು ಅತ್ತೆಯ ಬಳಿ ಹೋಗಿ, ಊರಿನ ಮನೆಯಲ್ಲಿ ಬೆಳಕಿಂಡಿ ಇರುತ್ತದೆ, ಇಲ್ಲಿ ಹಾಗೆ ಕೆಂಡ ಇಡಬಾರದು ಎಂದು ಹೇಳಿದೆ. ಎಲ್ಲ ಕೇಳಿ, ಕಣ್ಣೊರೆಸಿಕೊಂಡು, ಮೂಗಿನ ಮೇಲಿನ ಮಾಸ್ಕ್ ಎತ್ತಿದರು.

"ಅಕ್ಕಿ ಡಬ್ಬಿ ಮುಚ್ಚಳ ಹಾಕಿ ಬಂದಿಯಿಲ್ಲೋ ತಮ್ಮಾ? ಹುಳ ಬೀಳ್ತಾವ."

ತೊಟ್ಟಿಲಿಗೆ ಹಾಕಿದ್ದು

ಹೆಸರಿಡುವ ದಿನ ಮತ್ತೆ ಅದೇ ಫ್ಲಾಟು. ಕಿಟಕಿಯಲ್ಲಿ ಟೇಪು ಇರಲಿಲ್ಲ. ಅಲಾರಾಂ ಗೋಡೆ ಹತ್ತಿತ್ತು, ಅದಕ್ಕೊಂದು ಕುಂಕುಮದ ಬೊಟ್ಟು. ಅತ್ತೆ ದಿನಾ ಕೈಮುಗಿಯುತ್ತಾರೆ ಎಂದು ಮೇಸ್ತ್ರಿ ಹೇಳಿದ. ಕೋಣೆಯ ತುಂಬ ರೇಷ್ಮೆ ಸೀರೆ. ಅವರ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ "ಕುರ್‌ರ್" ಎಂದು ಹೆಸರು ಹೇಳಬೇಕು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಬುಧಾಬಿಯಿಂದ ಬಂದಿದ್ದ ಮೇಸ್ತ್ರಿಯ ತಂಗಿ ಕೂಸನ್ನೆತ್ತಿಕೊಂಡು ಬಗ್ಗಿದಳು. ಗುದ್ದುವವರು ಬಳೆ ಹಿಂದಕ್ಕೆ ಸರಿಸಿಕೊಂಡರು. ಅಷ್ಟರಲ್ಲಿ ಯಾರೋ ಪುಣ್ಯಾತ್ಗಿತ್ತಿ ಲೋಬಾನದ ಹೊಗೆ ಹಾಕಲು ಕೆಂಡದ ಬಟ್ಟಲು ತಂದು, ಗಾಳಿಗೆ ಬೂದಿ ಹಾರುತ್ತದೆಂದು ಕಿಟಕಿಯನ್ನೂ ಮುಚ್ಚಿಬಿಟ್ಟಿದ್ದಳು.

ಸೋದರತ್ತೆ ಬಾಯಿ ತೆರೆಯುವ ಮೊದಲೇ ಗೋಡೆ ಕಿರುಚಿತು.

ಅತ್ತೆ ಕೂಸನ್ನು ಕಿತ್ತುಕೊಂಡು ಮೆಟ್ಟಿಲಿಳಿದದ್ದು ನನಗೆ ಕಾಣಿಸಲೇ ಇಲ್ಲ, ಸೆರಗು ಮಾತ್ರ ಕಾಣಿಸಿತು. ಹಿಂದೆ ಬಾಣಂತಿ, ಅವಳ ಹಿಂದೆ ರೇಷ್ಮೆ ಸೀರೆಗಳು, ಬುಂದಿ ಲಾಡುವಿನ ತಟ್ಟೆ, ನಾನು. ಪಾರ್ಕಿಂಗಿನಲ್ಲಿ ಕಾರುಗಳ ನಡುವೆ ನಿಂತು ಏದುಸಿರು ಬಿಟ್ಟೆವು.

"ಮುಹೂರ್ತ ಮೀರಾಕತ್ತೇತಿ, ಇಲ್ಲೇ ಹೆಸರಿಡೂಣು" ಎಂದಳು ಸೋದರತ್ತೆ.

"ಹೆಸರು ಎಲ್ಲೂ ಓಡಿ ಹೋಗಂಗಿಲ್ಲ. ಮೊದಲ ತಲಿ ಎಣಸ್ರಿ!" ಎಂದರು ಅತ್ತೆ.

ಎಣಿಸಿದೆವು. ಒಂದು ತಲೆ ಕಡಿಮೆ. ಮೇಸ್ತ್ರಿ ಇಲ್ಲ. ಬಾಣಂತಿಯ ಮುಖ ಬಿಳಿಚಿಕೊಂಡಿತು. ಅತ್ತೆ ಕೂಸನ್ನು ನನ್ನ ಕೈಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲ ಕಡೆ ಹೊರಟೇಬಿಟ್ಟರು. ಅಷ್ಟರಲ್ಲಿ ಮೇಸ್ತ್ರಿ ಇಳಿದು ಬಂದ. ಕಿರುಚುತ್ತಿರುವ ಅಲಾರಾಂ ಅನ್ನು ಎದೆಗವಚಿಕೊಂಡಿದ್ದ.

"ನಮ್ಮನ್ನ ಉಳಿಸಿದ್ದ ಇದ ಅಲ್ರೀ," ಎಂದ, "ಇದೊಂದನ್ನ ಬಿಟ್ಟು ಹ್ಯಾಂಗ ಬರೂದು? ಮೊಳಿ ಕಿತ್ತು ತಂದ್ನಿ."

ಅತ್ತೆ ಅಳುತ್ತಲೇ ಗದರಿದರು.

"ಅಳಿಯಂದ್ರ, ಅದರ ಕೆಲಸ ಒದರೂದು! ನಿಮ್ಮ ಕೆಲಸ ಓಡೂದು!"