ಹುಡುಗಿ ಮೇಲಿದ್ದಾಳೆ

ಜನ ನನ್ನನ್ನು ನೋಡಿದರೆ ನನಗಾಗುವುದಿಲ್ಲ. ಆದರೂ ವಾರವಿಡೀ ಬ್ಯಾಂಕಿನ ಗಾಜಿನ ಹಿಂದೆ ಕೂತು ಅರ್ಧ ಚಿಂತಾಮಣಿಗೆ ಮುಖ ತೋರಿಸುತ್ತೇನೆ, ಉಳಿದರ್ಧಕ್ಕೆ ಬಸ್ಸಿನಲ್ಲಿ. ಕೈವಾರದ ಹತ್ತಿರ ನಮ್ಮೂರಿಗೆ ಬಂದಿಳಿದರೆ ಎದುರುಮನೆಯವರು, "ಏನಮ್ಮಾ, ಇವತ್ತು ಲೇಟು?" ಅನ್ನುತ್ತಾರೆ. ಇದಕ್ಕೆ ಮದ್ದು ಹುಡುಕಿಕೊಂಡು ಹೋಗಿಯೇ ಪವರ್ಡ್ ಪ್ಯಾರಾಚೂಟ್ ಹಾರಿಸಲು ಕಲಿತದ್ದು. ಮೂರು ಗಾಲಿಯ ಬಂಡಿ, ಬೆನ್ನ ಹಿಂದೆ ಎಂಜಿನ್ನು, ದೊಡ್ಡ ಫ್ಯಾನು, ನೆತ್ತಿಯ ಮೇಲೆ ಪ್ಯಾರಾಚೂಟು. ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿನಿಂದ ಒಬ್ಬಳೇ ಏರುತ್ತೇನೆ. ಮೇಲೆ ಯಾರೂ ಮಾತಾಡಿಸುವುದಿಲ್ಲ. ಮಾತಾಡಿಸಿದರೂ ಎಂಜಿನ್ನಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಕೆಳಗಿನವರ ಕಿವಿಯ ಪಾಡು ಏನೆಂದು ನಾನು ಯೋಚಿಸಿರಲಿಲ್ಲ.

ಇಂಥ ಒಂದು ಭಾನುವಾರಕ್ಕೇ ಅಮ್ಮ ಹುಡುಗಿ ನೋಡುವ ಶಾಸ್ತ್ರ ಗೊತ್ತು ಮಾಡಿದಳು. ಹಿಂದೆ ಬಂದವರೆಲ್ಲ ಉಪ್ಪಿಟ್ಟು ತಿಂದು, "ಹುಡುಗಿ ಮಾತೇ ಆಡಲ್ಲ" ಎಂದು ಎದ್ದು ಹೋಗಿದ್ದರು.

"ಗೌರಿಬಿದನೂರಿನವರು ಕಣೇ. ಹುಡುಗ ಸರ್ಕಾರಿ ಕೆಲಸದಲ್ಲಿದ್ದಾನೆ. ಒಂದು ಗಳಿಗೆ ಕೂತೆದ್ರೆ ನಿನ್ನ ಗಂಟೇನು ಹೋಗತ್ತೆ?"

"ನಂಗೆ ಸಾಕಾಗಿದೆ ಅಮ್ಮ. ಇನ್ನು ಯಾರ ಮುಂದೂ ಕೂರಲ್ಲ."

"ಆಯ್ತು ತಾಯಿ, ಕೂರಬೇಡ."

ಅಮ್ಮ ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅವರು ಬರುವ ಮೊದಲೇ ಏರಿದೆ. ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರಗಳ ಮೇಲೆ ಆರಾಮವಾಗಿ ಸುತ್ತಿ ಮನೆ ಕಡೆ ತಿರುಗಿದರೆ, ನಮ್ಮ ತಾರಸಿಯ ಮೇಲೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ತುಂಬ ತಟ್ಟೆ ಹಿಡಿದ ಜನ. ಅಮ್ಮ ಸೌಟಿನಿಂದ ನನ್ನನ್ನೇ ತೋರಿಸುತ್ತಿದ್ದಳು. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಮನೆಯಲ್ಲಾದರೆ ಬಾಗಿಲ ಸಂದಿಯಾದರೂ ಇರುತ್ತದೆ. ಆಕಾಶದಲ್ಲಿ ಅದೂ ಇಲ್ಲ. ನನ್ನ ಪ್ಯಾರಾಚೂಟೋ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದು.

ನೇರ ಬಯಲಿಗೆ ಹೋಗಿ ಇಳಿಯಬಹುದಿತ್ತು. ಆದರೆ ಆ ಗಂಡಸರಲ್ಲಿ ಹುಡುಗ ಯಾರೆಂದು ಅಷ್ಟೆತ್ತರದಿಂದ ತಿಳಿಯಲಿಲ್ಲ. ಕೊಂಚ ತಗ್ಗಿ ಇನ್ನೊಂದು ಸುತ್ತು ಹಾಕಿದೆ. ಎಲ್ಲರೂ ಕಿವಿ ಮುಚ್ಚಿಕೊಂಡರು, ನೀಲಿ ಅಂಗಿಯವನೊಬ್ಬ ಕೈಬೀಸಿದ. ಖಚಿತವಾಗಲೆಂದು ಮತ್ತೊಂದು ಸುತ್ತು ಹಾಕಿದೆ.

ಮನೆ ಸೇರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಅಮ್ಮ ಕುರ್ಚಿ ಒಂದರೊಳಗೊಂದು ಸೇರಿಸುತ್ತಿದ್ದಳು.

"ಏನಂದ್ರು?" ನಾನೇ ಕೇಳಿದೆ.

"ಬೇಡ್ವಂತೆ. ಹುಡುಗಿ ಸದ್ದು ಜಾಸ್ತಿ ಅಂದ್ರು ಅವನ ತಾಯಿ."

ನಾನು ಬಾಯಿಯನ್ನೇ ತೆರೆದಿರಲಿಲ್ಲ.

"ಆ ನೀಲಿ ಅಂಗಿಯವರು?"

"ಅವನು ಕಾರಿನ ಡ್ರೈವರ್ ಕಣೇ. ಹುಡುಗ ಮೇಲಕ್ಕೆ ಬರಲೇ ಇಲ್ಲ. ಜನ ನೋಡಿದ್ರೆ ಅವನಿಗಾಗಲ್ವಂತೆ. ನಡುಮನೇಲಿ ಒಬ್ಬನೇ ಕೂತು ಕಾಫಿ ಕುಡಿದು ಹೋದ."

ಇಷ್ಟು ದಿನಕ್ಕೆ ನನಗೊಬ್ಬ ಹುಡುಗ ಒಪ್ಪಿಗೆಯಾಗಿದ್ದ. ಅವನ ಕಾರು ಅಷ್ಟರಲ್ಲಿ ಶಿಡ್ಲಘಟ್ಟ ದಾಟಿರಬೇಕು.