ಹತ್ತೊಂಬತ್ತು ಹಾಡುಗಳ ಅಧ್ಯಕ್ಷರಿಗೆ ಒಂದು ‘ಆಗಲ್ಲ’

ಮೂರು ಮಹಡಿ, ಹದಿನಾಲ್ಕು ಕಚೇರಿ ಮತ್ತು ಮನಸ್ಸು ಬಂದ ದಿನ ಓಡುವ ಒಂದು ಲಿಫ್ಟು ಇರುವ ನಮ್ಮ ಕಟ್ಟಡದ ವರ್ಷಾಂತ್ಯ ಸಂತೋಷಕೂಟ ಸಮಿತಿಯ ಸ್ಥಾಪಕರೂ, ಹಾಲಿ ಅಧ್ಯಕ್ಷರೂ, ಕಣ್ಣು ಹಾಯುವಷ್ಟು ದೂರದವರೆಗೆ ಭಾವೀ ಅಧ್ಯಕ್ಷರೂ ಆದ ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕಂಠ ಹಾಗೂ ತಮ್ಮ ಧ್ವನಿವರ್ಧಕ ಮೂರೂ ಕ್ಷೇಮವೆಂದು ನಂಬಿದ್ದೇನೆ. ಮೂರನೆಯದರ ಕ್ಷೇಮಸಮಾಚಾರ ಎರಡು ಗೋಡೆಗಳ ಆಚೆಗೂ ತಲುಪುತ್ತಿರುವುದರಿಂದ ಅದನ್ನು ಪ್ರತ್ಯೇಕವಾಗಿ ವಿಚಾರಿಸುತ್ತಿಲ್ಲ.

ಕಳೆದ ಸೋಮವಾರ ಲಿಫ್ಟಿನ ಪಕ್ಕದ ಸೂಚನಾಫಲಕದಲ್ಲಿ ತಾವು ಹಾಕಿಸಿದ ಕಾಗದವನ್ನು ಎರಡು ಸಲ ಓದಿದೆ. ‘ನೆಲಮಹಡಿಯ ಕಿವಿ ಪರೀಕ್ಷಾ ಕೇಂದ್ರದ ಮೇಡಂ ಅವರು ಈ ಸಾಲಿನ ಸಂತೋಷಕೂಟಕ್ಕೆ ಸಹಕರಿಸದೆ ಗೈರುಹಾಜರಾದ ಬಗ್ಗೆ ವಿವರಣೆ ನೀಡತಕ್ಕದ್ದು’ ಎಂದಿದೆ. ನನಗೆ ಕೆಲಸ ಕೊಟ್ಟ ಡಾಕ್ಟರು ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ನನ್ನಿಂದ ವಿವರಣೆ ಕೇಳಿದವರಲ್ಲ. ತಾವು ಕೇಳಿದ್ದೀರಿ, ಆ ಕಾಳಜಿಗೆ ಋಣಿ. ತಾವು ಬಹಿರಂಗವಾಗಿ ಕೇಳಿದ್ದರಿಂದ ನಾನೂ ಬಹಿರಂಗವಾಗಿಯೇ ಉತ್ತರಿಸುತ್ತಿದ್ದೇನೆ. ತಮ್ಮ ಕಾಗದಕ್ಕಿದ್ದ ನಾಲ್ಕು ಪಿನ್ನುಗಳಲ್ಲಿ ಎರಡನ್ನು ಎರವಲು ಪಡೆದಿರುವುದಕ್ಕೆ ಕ್ಷಮೆಯಿರಲಿ.

ಮೊದಲಿನಿಂದಲೇ ಹೇಳುತ್ತೇನೆ. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಗಾಜಿನ ಈಚೆಯಿಂದ ಪೀಂ ಎನ್ನುವ ಸಣ್ಣ ಸದ್ದುಗಳನ್ನು ಒಂದೊಂದಾಗಿ ಕಳಿಸಿ ‘ಕೇಳಿಸಿದರೆ ಗುಂಡಿ ಒತ್ತಿ’ ಎನ್ನುವುದು ನನ್ನ ಕೆಲಸ. ನಾನು ಆ ಕೆಲಸಕ್ಕೆ ಸೇರಿದ ನಾಲ್ಕನೆಯ ದಿನ ತಾವು ಎರಡನೆಯ ಮಹಡಿಯ ವಿಮಾ ಕಚೇರಿಯಿಂದ ಇಳಿದು ಬಂದು, ಬಾಗಿಲಿಗೆ ಒರಗಿ, “ಶಬ್ದದ ವಿಚಾರ ನಿಮ್ಗೆ ಬಿಟ್ರೆ ಇನ್ಯಾರಿಗಮ್ಮ ಗೊತ್ತು? ಪಾರ್ಟಿಲಿ ಹಾಡು ಹಾಕೋದು ನೀವೇ” ಎಂದಿರಿ. ಹಲ್ಲಿನ ಡಾಕ್ಟರಾದ್ದರಿಂದ ಊಟದ ಉಸ್ತುವಾರಿ ಅವರದು ಎಂಬಂಥ ಈ ತರ್ಕಕ್ಕೆ ತಲೆದೂಗುತ್ತ ನಾನು “ಆಯ್ತು ಸಾರ್” ಎಂದೆ.

ಆ ‘ಆಯ್ತು’ ಮುಂದೆ ಹೇಗೆ ಮೈತುಂಬಿಕೊಂಡು ಬೆಳೆಯಿತೆಂದರೆ, ಎರಡನೆಯ ವರ್ಷ ಬಲೂನು ಊದುವುದು, ಮೂರನೆಯ ವರ್ಷ ಕುರ್ಚಿಯಾಟಕ್ಕೆ ಸೀಟಿ ಹಾಕುವುದು, ಐದನೆಯ ವರ್ಷ ತಾವು ಏಣಿ ಹತ್ತಿದಾಗ ಏಣಿ ಹಿಡಿಯುವುದು, ಆರನೆಯ ವರ್ಷದಿಂದ ಮೊದಲ ಮಹಡಿಯ ಹಲ್ಲಿನ ಡಾಕ್ಟರನ್ನು ಪುಸಲಾಯಿಸಿ ಕೋಡಂಗಿ ವೇಷ ಹಾಕಿಸುವುದು, ಎಲ್ಲವೂ ನನ್ನ ಪಾಲಿಗೆ ಬಂದವು. ಬೆರಳು ತೋರಿಸಿದರೆ ಹಸ್ತ ನುಂಗುವವರ ಬಗ್ಗೆ ಕೇಳಿದ್ದೆ. ಬೆರಳು ತೋರಿಸಿದ್ದಕ್ಕೆ ಏಣಿಯನ್ನೇ ಕೈಗೆ ಕೊಟ್ಟವರು ತಾವೊಬ್ಬರೇ.

ಇನ್ನು ತಮ್ಮ ಸಂಗೀತಾಭಿರುಚಿಯನ್ನು ಹೊಗಳದೆ ಮುಂದಕ್ಕೆ ಹೋದರೆ ನನ್ನ ನಾಲಿಗೆಯಲ್ಲಿ ಹುಣ್ಣಾದೀತು. ಪ್ಲಾಸ್ಟಿಕ್ಕಿನೊಳಗೆ ಸೀಲು ಮಾಡಿಸಿದ, ಕಾಫಿ ಚೆಲ್ಲಿದರೂ ಅಳಿಸದ ತಮ್ಮ ಹತ್ತೊಂಬತ್ತು ಹಾಡುಗಳ ಪಟ್ಟಿ ಒಂಬತ್ತು ವರ್ಷ ನನ್ನ ಮೇಜಿನ ಸೆಳೆಖಾನೆಯಲ್ಲಿತ್ತು. ಹತ್ತೊಂಬತ್ತರಲ್ಲಿ ಹನ್ನೊಂದು ಒಂದೇ ತಾಳದವು. ಉಳಿದ ಎಂಟು ಆ ಹನ್ನೊಂದರ ದಾಯಾದಿಗಳು. ಏಳನೆಯ ಹಾಡು ಬಂದಾಗ ತಾವು ಮೈಕು ಹಿಡಿದು ಜೊತೆಗೂಡುತ್ತೀರಿ, ಹಾಡು ಮುಗಿದ ಮೇಲೂ ತಾವು ಮುಗಿಯುವುದಿಲ್ಲ. ಒಂದು ವರ್ಷ ನನ್ನ ಅಳತೆಯ ಯಂತ್ರವನ್ನು ಸಭಾಂಗಣದ ನಟ್ಟನಡುವೆ ಹಿಡಿದು ನೋಡಿದರೆ ನೂರಾ ನಾಲ್ಕು ಡೆಸಿಬಲ್ ತೋರಿಸಿತು. ಮರುವಾರ ಕಟ್ಟಡದ ಹನ್ನೊಂದು ಮಂದಿ ‘ಕಿವೀಲಿ ಗುಂಯ್ ಅಂತಿದೆ’ ಎಂದು ನಮ್ಮ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ನಮ್ಮ ಕೇಂದ್ರದ ಏಳಿಗೆಗೆ ತಾವು ಸಲ್ಲಿಸಿದ ಈ ಸೇವೆಗೆ ನಮ್ಮ ಡಾಕ್ಟರು ಇನ್ನೂ ಧನ್ಯವಾದ ಹೇಳಿಲ್ಲವಾದರೆ ಅದು ಅವರ ಸಣ್ಣತನ.

ನಾನೇನೂ ಸಂಗೀತದ ಮಹಾಪಂಡಿತೆ ಎಂದು ಬೀಗುತ್ತಿಲ್ಲ. ದಿನವಿಡೀ ಪೀಂ ಪೀಂ ಕೇಳಿ ಮನೆಗೆ ಹೋದವಳಿಗೆ ಬೇಕಾಗಿದ್ದದ್ದು ನಿಶ್ಶಬ್ದ, ಅದು ಸಿಗದಿದ್ದರೆ ಒಬ್ಬಳೇ ಗಾಯಕಿಯ ಎಂಟು ಮೆಲುದನಿಯ ಹಾಡು. ತಮ್ಮ ಹತ್ತೊಂಬತ್ತರ ಮುಂದೆ ನಾನು ಕಡುಬಡವಿ.

ಆದರೆ ಮನೆಯಲ್ಲಿ ನಿಶ್ಶಬ್ದ ಸಿಗುವ ಕಾಲ ಮುಗಿದಿತ್ತು. ನಮ್ಮ ಅತ್ತೆ, ಎಂದರೆ ಯಜಮಾನರ ತಾಯಿ, ಮೂವತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರು ಹೊಲಿದು ನಿವೃತ್ತರಾದವರು, ಅರವತ್ತಾರನೆಯ ವಯಸ್ಸಿನಲ್ಲಿ ಗರಗಸ ನುಡಿಸಲು ಕಲಿತರು. ತಾವು ಓದಿದ್ದು ಸರಿಯಾಗಿಯೇ ಇದೆ: ಮರ ಕೊಯ್ಯುವ ಗರಗಸ. ಅದರ ಹಿಡಿಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ತುದಿಯನ್ನು ಎಡಗೈಯಲ್ಲಿ ಬಗ್ಗಿಸಿ, ಹಲ್ಲಿಲ್ಲದ ಅಂಚಿನ ಮೇಲೆ ಪಿಟೀಲಿನ ಕಮಾನು ಎಳೆದರೆ ಅದು ಹಾಡುತ್ತದೆ. ಮೊದಲ ವರ್ಷ ಬರೀ ಅಳುತ್ತಿತ್ತು. ಅಕಾರ್ಡಿಯನ್, ನೀರು ತುಂಬಿದ ಬಾಟಲಿಗಳು ಮತ್ತು ಒಂದು ಎಣ್ಣೆಯ ಪೀಪಾಯಿಯನ್ನು ನುಡಿಸುವ, ಅವರದೇ ವಾರಿಗೆಯವರ ಜೊತೆ ಸೇರಿ ವರ್ಷಕ್ಕೊಮ್ಮೆ ಅತ್ತೆ ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಸಂಗೀತ ಕಚೇರಿ ಕೊಡುತ್ತಾರೆ. ಅದು ಪ್ರತಿ ವರ್ಷವೂ ತಮ್ಮ ಸಂತೋಷಕೂಟದ ದಿನವೇ, ಸಂಜೆ ಆರಕ್ಕೇ ಬರುತ್ತದೆ.

ಎರಡು ವರ್ಷ ನಾನು ತಮಗೂ ‘ಆಯ್ತು’ ಎಂದೆ, ಅತ್ತೆಗೂ ‘ಬರ್ತೀನಿ’ ಎಂದೆ. ಕೂಟಕ್ಕೆ ಬಂದು ಬಲೂನು ಊದಿದೆ. ನಿಜ ಹೇಳಬೇಕೆಂದರೆ ಗರಗಸದಿಂದ ತಪ್ಪಿಸಿಕೊಂಡೆನಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ. ಎರಡು ವರ್ಷವೂ ಅತ್ತೆ ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ತಮ್ಮ ಕೈಚೀಲ ಇಟ್ಟು ನನಗಾಗಿ ಜಾಗ ಹಿಡಿದಿದ್ದರೆಂದು ಯಜಮಾನರು ಹೇಳಿದಾಗ ಹಿಗ್ಗು ಇಳಿಯಿತು.

ಆರು ತಿಂಗಳ ಹಿಂದೆ ಅತ್ತೆ ತಾವಾಗಿಯೇ ನಮ್ಮ ಕೇಂದ್ರಕ್ಕೆ ಬಂದು ಪರೀಕ್ಷೆಗೆ ಕೂತರು. ಕೆಳಗಿನ ಸ್ವರಗಳಿಗೆ ತಕ್ಷಣ ಗುಂಡಿ ಒತ್ತಿದರು. ಮೇಲಿನ ಸ್ವರಗಳಿಗೆ ಬರುತ್ತಾ ಬರುತ್ತಾ ಬೆರಳು ಸುಮ್ಮನಾಯಿತು. ಪರೀಕ್ಷೆಯ ಕಾಗದದ ಮೇಲಿನ ಗೆರೆ ಬಲಗಡೆಗೆ ಹೋಗುತ್ತ ಕೆಳಗಿಳಿದಿತ್ತು. “ಗರಗಸ ಇದ್ರಲ್ಲಿ ಎಲ್ಲಿ ಬರುತ್ತೆ?” ಎಂದು ಕೇಳಿದರು. ಇಳಿಜಾರು ಶುರುವಾಗುವ ಕಡೆ ಬೆರಳಿಟ್ಟು ತೋರಿಸಿದೆ. “ಸರಿ, ಕೇಳಿಸೋವಷ್ಟು ದಿನ ನುಡಿಸೋದು” ಎಂದರು. ಆಮೇಲೆ ಚೀಲ ಎತ್ತಿಕೊಳ್ಳುತ್ತ, “ಒಂದು ಮಾತು ಕಣೇ. ಬರಲ್ಲ ಅನ್ನೋದಾದ್ರೆ ಬರಲ್ಲ ಅನ್ನು, ನಂಗೇನೂ ಬೇಜಾರಿಲ್ಲ. ಬರ್ತೀನಿ ಅಂದ್ಬಿಟ್ಟು ಬರದೇ ಇರ್ತೀಯಲ್ಲ, ನಾನು ನುಡಿಸ್ತಾ ನುಡಿಸ್ತಾ ಬಾಗಿಲು ನೋಡ್ತಿರ್ತೀನಿ, ಶ್ರುತಿ ತಪ್ಪುತ್ತೆ” ಎಂದರು.

ಅಂದೇ ನಿರ್ಧರಿಸಿದೆ, ಅಧ್ಯಕ್ಷರೇ, ಒಂದು ಕಡೆ ‘ಇಲ್ಲ’ ಎನ್ನಲೇಬೇಕೆಂದು. ಆದರೆ ಈ ಪದ ನನ್ನ ಬಾಯಲ್ಲಿ ಎಂದೂ ಪಳಗಿದ್ದಲ್ಲ. ಅಭ್ಯಾಸಕ್ಕೆಂದು ಮಧ್ಯಾಹ್ನದ ಬಿಡುವಿನಲ್ಲಿ ಸ್ಪಂಜಿನ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ “ಆಗಲ್ಲ ಸಾರ್” ಎನ್ನತೊಡಗಿದೆ. ಮೆಲ್ಲಗೆ, ಗಟ್ಟಿಯಾಗಿ, ನಗುತ್ತಾ, ಕಣ್ಣು ಕೆಂಪಾಗಿಸಿ. ಹದಿನೇಳು ಸಲ ಆದ ಮೇಲೆ ಗಾಜಿನಾಚೆ ನಮ್ಮ ಡಾಕ್ಟರು ನಿಂತಿರುವುದು ಕಾಣಿಸಿತು. ಒಳಗಿನ ಮೈಕು ಚಾಲೂ ಇತ್ತು. “ಕೆಲಸ ಬಿಡ್ತಿದ್ದೀರಾಮ್ಮ? ಏನಾದ್ರೂ ಇದ್ರೆ ಕೂತು ಮಾತಾಡೋಣ” ಎಂದು ಅವರು ಗಾಬರಿಯಾಗಿ ಕೇಳಿದರು. ಅವರನ್ನು ಸಮಾಧಾನಪಡಿಸುವುದರಲ್ಲಿ ಆ ದಿನದ ಬಿಡುವು ಮುಗಿಯಿತು.

ಮೊದಲ ಸಲ ತಮ್ಮ ಕಚೇರಿಗೆ ‘ಆಗಲ್ಲ’ ಎನ್ನಲು ಬಂದವಳು ಕಾಗದದ ನಕ್ಷತ್ರ ಕತ್ತರಿಸುವ ಹೊಸ ಹೊಣೆ ಹೊತ್ತು ಕೆಳಗಿಳಿದೆ. ಎರಡನೆಯ ಸಲ ಬಂದಾಗ ತಾವು ಚಹಾ ತರಿಸಿಬಿಟ್ಟಿರಿ. ಚಹಾ ಕುಡಿದ ಬಾಯಲ್ಲಿ ‘ಇಲ್ಲ’ ಹೊರಡುವುದಿಲ್ಲ. ಮೂರನೆಯ ಸಲ, ಕೂಟಕ್ಕೆ ಐದು ದಿನ ಉಳಿದಿರುವಾಗ, ಲಿಫ್ಟು ಕೆಟ್ಟಿದ್ದರಿಂದ ತಾವು ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದಿರಿ. “ಈ ಸಲ ಪಾರ್ಟಿ ಕೆಲಸ ನನ್ ಕೈಲಿ ಆಗಲ್ಲ ಸಾರ್” ಎಂದೆ.

“ಆಗಲ್ಲ ಅಂದ್ರೆ? ಎಷ್ಟು ಗಂಟೆಗೆ ಆಗುತ್ತೆ?” ಎಂದಿರಿ.

“ಆಗಲ್ಲ ಅಂದ್ರೆ ಆಗಲ್ಲ ಸಾರ್. ನಮ್ ಅತ್ತೆ ಕಚೇರಿ ಇದೆ.”

ಹಾಡುಗಳ ಪಟ್ಟಿಯನ್ನು ತಮ್ಮ ಕೈಗಿಟ್ಟು ಇಳಿದು ಬಂದೆ. ಆಕಾಶ ಕಳಚಿ ಬೀಳಲಿಲ್ಲ. ಅದೇ ಸ್ಥಳದಲ್ಲಿತ್ತು. ಇದನ್ನು ಒಂಬತ್ತು ವರ್ಷ ಮೊದಲೇ ಯಾರಾದರೂ ತಿಳಿಸಬಾರದಿತ್ತೇ?

ಕೂಟದ ದಿನ ಸಂಜೆ ಗ್ರಂಥಾಲಯದಲ್ಲಿ ಮೂವತ್ತೊಂದು ಮಂದಿ ಇದ್ದೆವು. ಮೊದಲ ಎರಡು ರಚನೆಗಳು ನನಗೆ ಹಿಡಿಸಲಿಲ್ಲ. ಇದನ್ನು ಅತ್ತೆಗೂ ಹೇಳಿದ್ದೇನೆ, ಈಗ ಹೇಳಲು ಬರುತ್ತದೆ. ಮೂರನೆಯದರಲ್ಲಿ ಬಾಟಲಿಗಳೂ ಪೀಪಾಯಿಯೂ ಸುಮ್ಮನಾದವು. ಗರಗಸವೊಂದೇ ಕೆಳಗಿನ ಸ್ವರದಿಂದ ಮೇಲಕ್ಕೆ ಜಾರತೊಡಗಿತು. ನನ್ನ ಯಂತ್ರದ ಸದ್ದುಗಳು ಮೆಟ್ಟಿಲು ಮೆಟ್ಟಿಲಾಗಿ ಇರುತ್ತವೆ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಇಷ್ಟೊಂದು ಜಾಗವಿದೆಯೆಂದು ನನಗೆ ತಿಳಿದೇ ಇರಲಿಲ್ಲ. ಅತ್ತೆ ಒಮ್ಮೆಯೂ ಬಾಗಿಲು ನೋಡಲಿಲ್ಲ. ಕಣ್ಣು ಮುಚ್ಚಿದ್ದರು. ನಾನು ಕರವಸ್ತ್ರ ಹುಡುಕಿದೆ, ಸಿಗಲಿಲ್ಲ, ಯಜಮಾನರ ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡೆ.

ಅಂದಿನಿಂದ ನನ್ನ ಎಂಟು ಹಾಡುಗಳ ಬಡತನ ತೀರುತ್ತಿದೆ. ಅಕಾರ್ಡಿಯನ್ ಕೇಳುತ್ತೇನೆ, ಕಿರುಚುವವರನ್ನೂ ಗೊಣಗುವವರನ್ನೂ ಕೇಳುತ್ತೇನೆ. ತಮ್ಮ ಪಟ್ಟಿಯ ಹದಿನಾಲ್ಕನೆಯ ಹಾಡನ್ನೂ ಮೊನ್ನೆ ಮೆಲ್ಲಗೆ ಹಾಕಿಕೊಂಡು ಕೇಳಿದೆ. ಅದರ ಹಿನ್ನೆಲೆಯಲ್ಲಿ ಬಹಳ ಚೆಂದದ ಒಂದು ಕೊಳಲಿದೆ, ಸಾರ್. ಒಂಬತ್ತು ವರ್ಷ ಅದನ್ನು ನಾವ್ಯಾರೂ ಕೇಳಿಲ್ಲ, ಪಾಪ.

ನನ್ನ ಗೈರುಹಾಜರಿಯಿಂದ ಕೂಟಕ್ಕಾದ ನಷ್ಟದ ವಿವರವನ್ನು ಹಲ್ಲಿನ ಡಾಕ್ಟರು ಒದಗಿಸಿದ್ದಾರೆ. ಹಾಡು ಹಾಕಲು ಯಾರೂ ಸಿಗದೆ ತಾವೇ ಯಂತ್ರದ ಮುಂದೆ ಕೂತಿರಂತೆ. ಎರಡು ಕೈಗೂ ಕೆಲಸವಿದ್ದುದರಿಂದ ಏಳನೆಯ ಹಾಡಿಗೆ ಮೈಕು ಹಿಡಿಯಲಾಗಲಿಲ್ಲವಂತೆ. ಒಂಬತ್ತು ವರ್ಷಗಳಲ್ಲೇ ಇಂಥ ಕೂಟ ನಡೆದಿರಲಿಲ್ಲವೆಂದು ಮೂರೂ ಮಹಡಿಗಳಲ್ಲಿ ಮಾತು ಹಬ್ಬಿದೆ. ಇಷ್ಟು ಹೇಳಿದ ಹಲ್ಲಿನ ಡಾಕ್ಟರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, “ಆ ಆಗಲ್ಲ ಅನ್ನೋದನ್ನ ಹೇಗೆ ಹೇಳಿದ್ರಿ ಮೇಡಂ? ಸ್ವಲ್ಪ ಕಲಿಸ್ಕೊಡಿ” ಎಂದರು. ಈಗ ವಾರಕ್ಕೆರಡು ಮಧ್ಯಾಹ್ನ ಅವರು ನಮ್ಮ ಸ್ಪಂಜಿನ ಕೋಣೆಯಲ್ಲಿರುತ್ತಾರೆ. ಮೈಕು ಆರಿಸಿರುತ್ತೇನೆ.

ಕೊನೆಯದಾಗಿ ಕೆಲವು ವಿನಂತಿಗಳು. ಮುಂದಿನ ಸಾಲಿನ ಸುತ್ತೋಲೆಯಲ್ಲಿ ‘ಬರುತ್ತೇನೆ’ ಎಂಬುದರ ಪಕ್ಕದಲ್ಲಿ ‘ಬರುವುದಿಲ್ಲ’ ಎಂದೂ ಅಚ್ಚು ಹಾಕಿಸಬೇಕು. ಕಾಗದ ಸಾಲದಿದ್ದರೆ ತಮ್ಮ ಹೆಸರಿನ ಅಕ್ಷರಗಳನ್ನು ಸ್ವಲ್ಪ ಚಿಕ್ಕದು ಮಾಡಿಸಬಹುದು. ಹತ್ತೊಂಬತ್ತು ಹಾಡುಗಳಿಗೆ ಸಕಲ ಗೌರವಗಳೊಂದಿಗೆ ನಿವೃತ್ತಿ ಕೊಟ್ಟು, ಒಂದೊಂದು ಕಚೇರಿಯವರಿಂದ ಒಂದೊಂದು ಹಾಡು ತರಿಸಬೇಕು, ನಡುವೆ ಅರ್ಧ ಗಂಟೆ ಯಾವ ಹಾಡೂ ಇಲ್ಲದೆ ಜನ ಒಬ್ಬರನ್ನೊಬ್ಬರು ಮಾತಾಡಿಸಲು ಬಿಡಬೇಕು. ಇದೆಲ್ಲ ತಮ್ಮಿಂದಾಗದು ಎನ್ನಿಸಿದರೆ ಹಾಗೆಂದು ನೇರವಾಗಿ ಹೇಳಿಬಿಡಿ. ನಾನೀಗ ಅಂಥ ಮಾತನ್ನು ಬಹಳ ಗೌರವದಿಂದ ಕೇಳುತ್ತೇನೆ.

ಏಣಿಯ ಕೆಳಗಿಂದ ಆಚೆ ಬಂದ ಮೇಲೂ,
ತಮ್ಮ ವಿಶ್ವಾಸಿ,
ನೆಲಮಹಡಿಯ ಮೇಡಂ

ತಾ.ಕ.: ಅತ್ತೆಯವರ ತಂಡದ ಪೀಪಾಯಿ ಬಾರಿಸುವವರಿಗೆ ಭುಜ ನೋವಂತೆ, ಮೂರು ತಿಂಗಳು ಕೈ ಎತ್ತುವಂತಿಲ್ಲ. ‘ಗಟ್ಟಿ ಸದ್ದು ಮಾಡೋರು ಯಾರಾದ್ರೂ ಗೊತ್ತೇನೆ?’ ಎಂದು ಅತ್ತೆ ಕೇಳಿದರು. ತಮ್ಮ ಹೆಸರು ಕೊಟ್ಟಿದ್ದೇನೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಅವರೇ ತಮ್ಮ ಮನೆಗೆ ಬಂದು ಕರೆಯುತ್ತಾರೆ. ‘ಆಗಲ್ಲ’ ಎನ್ನುವ ಪೂರ್ಣ ಸ್ವಾತಂತ್ರ್ಯ ತಮಗಿದೆ, ಆದರೆ ಅತ್ತೆಗೆ ಹಾಗೆಂದು ದಕ್ಕಿಸಿಕೊಂಡವರನ್ನು ನಾನಿನ್ನೂ ನೋಡಿಲ್ಲ.