ಬಂಡೆಯೊಳಗಿಂದ ಬಂದ ಕರೆ

"ದೆವ್ವ ಬರಲಿ! ಸಾಕ್ಷಿಕಟ್ಟಿ ಹತ್ತಿಸಿ ಪಾಟೀಸವಾಲು ಹಾಕ್ತೀನಿ!"

ಬೈಲಹೊಂಗಲದ ವಕೀಲ ತ್ರ್ಯಂಬಕರಾಯರು ಹೀಗೆ ಘೋಷಿಸಿದ್ದು ಹೆಂಡತಿ ಸುಂದರಾಬಾಯಿಯ ಎದುರಿಗೆ, ಹೆಂಡತಿಯ ಮಾವಶಿಗೆ, ಅಂದರೆ ಅವಳ ತಾಯಿಯ ತಂಗಿಗೆ, ಕೇಳಿಸುವಂತೆ. ಪುಣೆಯಿಂದ ಬಂದಿದ್ದ ಆ ಕಮಲಾ ಮಾವಶಿ, "ನಿಮ್ಮ ಕಡೆ ನೋಡೋಹಂಥಾದ್ದು ಏನದ? ಬರೇ ಎರಿಹೊಲ" ಎಂದು ಮೂಗು ಮುರಿದಿದ್ದರು. ಸರಿ, ಮಲಪ್ರಭೆ ಗುಡ್ಡ ಸೀಳಿಕೊಂಡು ಹೋಗುವ ನವಿಲುತೀರ್ಥದ ಬಂಡೆಗಳನ್ನು ತೋರಿಸಿಯೇ ತೋರಿಸುವುದೆಂದು ರಾಯರು ಶಪಥ ಮಾಡಿದರು. "ಅಲ್ಲಿ ಗಾಳಿ ಸಂಚಾರ ಅದ ಅಂತಾರಲ್ರಿ" ಎಂದು ಸುಂದರಾಬಾಯಿ ಅಂದದ್ದಕ್ಕೇ ಈ ಸಿಂಹಗರ್ಜನೆ!

ಸವದತ್ತಿಯಲ್ಲಿ ಬಸ್ಸಿಳಿದು ಭರಮಪ್ಪನ ಚಕ್ಕಡಿ ಹತ್ತಿದರು. ದಾರಿಯಲ್ಲಿ ಭರಮಪ್ಪ ತಗ್ಗಿದ ದನಿಯಲ್ಲಿ ಹೇಳಿದ: "ಸಾಹೇಬ್ರ, ಅಲ್ಲಿ ಯಾರರ ಹೆಸರ ಹಿಡದ ಕರದ್ರ, ಓ ಅನ್ನಬ್ಯಾಡ್ರಿ."

"ಅಂದ್ರ?"

"ಅಂದವರು ಹೊಳ್ಳಿ ಬಂದಿಲ್ರಿ."

ರಾಯರು ಎತ್ತು ಬೆದರುವಷ್ಟು ನಕ್ಕರು.

ವೈಶಾಖದ ಬಿಸಿಲಿಗೆ ನದಿ ಎಳೆಯಂತೆ ತೆಳ್ಳಗಾಗಿತ್ತು. ಸುಳಿನೀರು ಕೊರೆದ ಬಂಡೆಗಳು ಬೋಳುಬೋಳಾಗಿ ಬಿದ್ದಿದ್ದವು. ಒಂದರಲ್ಲಿ ಹಂಡೆಯಷ್ಟು ಕುಳಿ, ಇನ್ನೊಂದರಲ್ಲಿ ನೆಲದೊಳಗೆ ಕಾಳು ತುಂಬಿಡುವ ಹಗೇವಿನಷ್ಟು. ಅವುಗಳಾಚೆ ನೆಟ್ಟಗೆ ನಿಂತ ಕಲ್ಲುಗಳ ಸಾಲೊಂದಿತ್ತು. ಪಂಕ್ತಿಯಲ್ಲಿ ಉಣ್ಣುತ್ತಿದ್ದವರು, ಯಾರೋ ಬಂದರೆಂದು ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ ಹಾಗೆ. ಒಂದು ಹಕ್ಕಿಯೂ ಕೂಗಲಿಲ್ಲ.

ಬುತ್ತಿ ಉಂಡಾದ ಮೇಲೆ ಮಾವಶಿ ಗುಡ್ಡದ ಆಚೆ ಮಗ್ಗುಲಲ್ಲಿದ್ದ ಚಕ್ಕಡಿಯ ನೆರಳಿಗೆ ಹೋಗಿ ಅಡ್ಡಾದರು. ಸುಂದರಾಬಾಯಿ ತಂಬಿಗೆ ತೊಳೆಯಲು ನೀರಿನ ಕಡೆ ನಡೆದಳು. ರಾಯರು ಎದೆ ಸೆಟೆಸಿ, ಒಬ್ಬರೇ ಆ ಕಲ್ಲಿನ ಪಂಕ್ತಿಯ ನಡುವೆ ಹೊಕ್ಕರು.

ಹೊತ್ತು ಇಳಿಯತೊಡಗಿತ್ತು. ಆಗ ಕಾಲಡಿಯ ಬಂಡೆಯೊಳಗಿಂದ ಹೆಣ್ಣುದನಿಯೊಂದು ಎದ್ದಿತು.

"ತ್ರ್ಯಂ... ಬ... ಕಾ..."

ರಾಯರು ಬೆಚ್ಚಿ ಹಿಂದೆ ಸರಿದರು! ಅವರನ್ನು ಬರಿಯ ಹೆಸರಿನಿಂದ ಕರೆಯುತ್ತಿದ್ದ ಹೆಂಗಸು ಲೋಕದಲ್ಲಿ ಒಬ್ಬಳೇ: ಅವರ ತಾಯಿ. ಆಕೆ ತೀರಿಕೊಂಡು ವರುಷಗಳಾಗಿದ್ದವು.

ಪಾಟೀಸವಾಲು ಅಲ್ಲೇ ಉಳಿಯಿತು. ರಾಯರು ಓಡಿದರು. ಜಾಲಿಮುಳ್ಳು ಧೋತರದ ಚುಂಗು ಹಿಡಿಯಿತು. "ಬಿಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಜಾಲಿಗೇ ಕೈಮುಗಿದು, ಅರ್ಧ ಧೋತರ ಅದಕ್ಕೇ ಅರ್ಪಿಸಿ, ಗುಡ್ಡದ ಮಗ್ಗುಲು ದಾಟಿದರು. ನದಿಯ ಸಪ್ಪಳವೂ ಕೇಳಿಸದ ಆ ಜಾಗದಲ್ಲಿ, ಕಿವಿಯ ಹತ್ತಿರವೇ, ಮೆಲ್ಲಗೆ ಮತ್ತೆ:

"ತ್ರ್ಯಂಬಕಾ..."

"ಹೂಡೋ ಗಾಡಿ!" ಎಂದು ಚೀರುತ್ತ ಚಕ್ಕಡಿಗೆ ಹಾರಿದರು.

ಮಾವಶಿ ಎದ್ದು ಕೂತು ಕೇಳಿದರು: "ಅಳಿಯಂದಿರ, ಸುಂದ್ರಿ ಎಲ್ಲಿ?"

ರಾಯರು ಹಿಂತಿರುಗಿ ನೋಡಿದರು. ಸುಂದರಾ! ಅವಳು ಅಲ್ಲೇ ಇದ್ದಾಳೆ, ಅದರ ಜೊತೆಗೆ! ಹಿಂದುಮುಂದು ನೋಡದೆ ಇಳಿದು, ಬಂದ ದಾರಿಯಲ್ಲೇ ಓಡಿದರು. ಹಗ್ಗ ಹಿಡಿದು ಭರಮಪ್ಪ ಬೆನ್ನು ಹತ್ತಿದ.

"ಸುಂದರಾ! ಸುಂದರಾ!" ಕಲ್ಲುಗಳೆಲ್ಲ ಅವಳ ಹೆಸರನ್ನು ಒಂದರ ಬಾಯಿಂದ ಒಂದಕ್ಕೆ ದಾಟಿಸಿದವು.

"ಇಲ್ಲೇ ಇದ್ದೀನ್ರಿ!" ಎಂದಿತು ಬಂಡೆ.

ರಾಯರು ಬಗ್ಗಿ ನೋಡಿದರು. ಹಗೇವಿನಂಥ ಕುಳಿಯಲ್ಲಿ, ಟೊಂಕದ ತನಕ ರಾಡಿಯಲ್ಲಿ, ಕಾಲು ಜಾರಿ ಬಿದ್ದ ಹೆಂಡತಿ ತಂಬಿಗೆ ಎದೆಗವಚಿಕೊಂಡು ನಿಂತಿದ್ದಳು!

ಇಬ್ಬರೂ ಸೇರಿ ಮೇಲೆತ್ತಿದರು. ಅವಳನ್ನು ಹಿಡಿದ ರಾಯರ ಕೈ ಬಹಳ ಹೊತ್ತು ಬಿಡಲಿಲ್ಲ.

"ಕರೀಬಾರದೇನು?" ಎಂದು ಬೈದರು.

"'ಇಕಾ ಕೇಳ್ರಿ, ಇಕಾ ಕೇಳ್ರಿ' ಅಂತ ಗಂಟಲ ಹರಕೊಂಡೆ. ಮನ್ಯಾಗರ ಕೇಳಸ್ತದೇನು ನಿಮಗ, ಇಲ್ಲೆ ಕೇಳಸಲಿಕ್ಕೆ? ಕಡೀಕ ದೇವರ ಮ್ಯಾಲ ಭಾರ ಹಾಕಿ ಹೆಸರ ಹಿಡದ ಕರದೆ. ಹನ್ನೆರಡ ವರ್ಷದ ಸಂಸಾರದಾಗ ಅದ ಮೊದಲು. ನೀವು ದೆವ್ವಕ್ಕ ಅಂಜಿ ಓಡಿದ್ರಿ!"

"ದೆವ್ವಕ್ಕ ಯಾರು ಅಂಜ್ಯಾರ?"

"ಹಂಗಾರ ನನಗ ಅಂಜಿದ್ರೇನು?"

ಕೋರ್ಟಿನಲ್ಲಿ ಎಂದೂ ಬಾಯಿ ಕಟ್ಟದ ವಕೀಲರು ಉಳಿದ ಅರ್ಧ ಧೋತರ ಬಿಗಿಯುತ್ತ ಚಕ್ಕಡಿಯ ಕಡೆ ನಡೆದರು. ಚಕ್ಕಡಿ ಹೊರಟ ಮೇಲೆ, ಜಯ ತಮ್ಮದೇ ಎಂಬಂತೆ ಗದರಿಸಿದರು: "ಆತು, ಒಮ್ಮೆ ಕರದಿ. ಗುಡ್ಡ ದಾಟಿದ ಮ್ಯಾಲ ಮತ್ಯಾಕ ಕರೀಬೇಕಿತ್ತು?"

"ಇನ್ನೊಮ್ಮೆ?" ಸುಂದರಾಬಾಯಿ ಕಣ್ಣರಳಿಸಿದಳು. "ನಾ ಕರದದ್ದು ಒಂದ ಸಲ ರೀ. ನಾಚಿಕಿ ಆಗಿ ಸುಮ್ನಾದೆ."

ಭರಮಪ್ಪ ಎತ್ತುಗಳನ್ನು ಅವಸರಪಡಿಸಿದ. ಚಕ್ಕಡಿಯ ಹಿಂಬದಿಯಲ್ಲಿ ಠೀವಿಯಿಂದ ಕಾಲು ಇಳಿಬಿಟ್ಟು ಕೂತಿದ್ದ ರಾಯರು ಕಾಲು ಮೇಲೆತ್ತಿಕೊಂಡರು. ಮೆಲ್ಲಗೆ ತೆವಳಿ ಬಂದು, ಹೆಂಡತಿಗೂ ಮಾವಶಿಗೂ ನಡುವೆ ತೂರಿ ಕುಳಿತರು.

"ಯಾಕ, ಅಳಿಯಂದಿರ?"

"ಹಿಂದ ಥಂಡಿ ಭಾಳ ಅದರಿ."

"ವೈಶಾಖದಾಗ?" ಎಂದ ಮಾವಶಿ, ಅವರ ಮುಖ ನೋಡಿದವರೇ, ತಮ್ಮ ಸೆರಗಿನ ತುದಿಯನ್ನು ಅವರ ಕೈಗೆ ಕೊಟ್ಟರು. ಸವದತ್ತಿಯ ದೀಪ ಕಾಣುವವರೆಗೆ ವಕೀಲ ತ್ರ್ಯಂಬಕರಾಯರು ಅದನ್ನು ಬಿಡಲಿಲ್ಲ.